5,000 ಚದರ ಅಡಿ ಶೆಡ್‌ಗೆ 5,800 ಮರಿ ಬಿಟ್ಟೆ, ಎಫ್‌ಸಿಆರ್ (ಒಂದು ಕೆಜಿ ಕೋಳಿ ತೂಕಕ್ಕೆ ಖರ್ಚಾದ ಫೀಡ್ ಕೆಜಿ) 1.62ರಿಂದ 1.76ಕ್ಕೆ ಏರಿತು. ಫೀಡ್ ಸರಿಯಿಲ್ವಾ?

ಪ್ರಶ್ನೆ: ಮೇಡಂ, ನಮ್ಮದು ದೊಡ್ಡಬಳ್ಳಾಪುರ ಕಡೆ, ಓಪನ್ ಶೆಡ್, ಕಂಪನಿ ಬ್ರಾಯ್ಲರ್ (ಮರಿ, ಫೀಡ್ ಕಂಪನಿಯದ್ದು, ಸಾಕೋದು ನಾವು). ಜನವರಿ ಬ್ಯಾಚ್‌ನಲ್ಲಿ 5,000 ಮರಿ ಬಿಟ್ಟು 4,830 ಲಿಫ್ಟ್ ಆಯ್ತು (ಬೆಳೆದ ಮೇಲೆ ಕಂಪನಿ ಒಯ್ದದ್ದು), ಸರಾಸರಿ 2.2 ಕೆಜಿ, ಫೀಡ್ 17,200 ಕೆಜಿ. ಈ ಸಲ ಮಾರ್ಚ್‌ನಲ್ಲಿ 5,800 ಬಿಟ್ಟರು. 5,540 ಹೋಯ್ತು, ಸರಾಸರಿ 1.95, ಫೀಡ್ 19,000. ಫೀಡ್ ಕಳಪೆ ಅಂತ ನನಗೆ ಅನುಮಾನ. ಸೂಪರ್‌ವೈಸರ್ ನನ್ನ ಮೇಂಟೆನೆನ್ಸ್ ಸರಿಯಿಲ್ಲ ಅಂತಾರೆ. ಸೋಮವಾರ ಮತ್ತೆ 5,800 ಮರಿ ಬರುತ್ತೆ.

ಪಶುವೈದ್ಯೆ: ಫೀಡ್ ಮೇಲೆ ಅನುಮಾನ ಪಡುವ ಮೊದಲು ನಿಮ್ಮದೇ ಲೆಕ್ಕ ನೋಡಿ. ಹೋದ ಸಲ ಒಟ್ಟು 10,626 ಕೆಜಿ ಕೋಳಿ, ಈ ಸಲ 10,803. ಹೆಚ್ಚು ಸಿಕ್ಕಿದ್ದು 177 ಕೆಜಿ, ಅದಕ್ಕೆ ಹೆಚ್ಚು ಸುರಿದದ್ದು 36 ಮೂಟೆ, ಅಂದರೆ 1,800 ಕೆಜಿ ಫೀಡ್! ಎರಡು ಸಲವೂ ಶೆಡ್ ಕೊಟ್ಟಿದ್ದು ಅಡಿಗೆ ಎರಡು ಕೆಜಿ ಚಿಲ್ಲರೆಯೇ.

ಲಿಫ್ಟ್ ಆದ ತಲೆಗೆ ಹಾಕಿದರೆ ಪ್ರತಿ ಕೋಳಿ ತಿಂದದ್ದು ಸುಮಾರು 130 ಗ್ರಾಂ ಕಡಿಮೆ, ಬೆಳೆದದ್ದು 250 ಗ್ರಾಂ ಕಡಿಮೆ. ಸಾಮಾನ್ಯವಾಗಿ ಸಣ್ಣ ಕೋಳಿಯ ಎಫ್‌ಸಿಆರ್ ಕಡಿಮೆಯೇ ಇರಬೇಕು. ನಿಮ್ಮಲ್ಲಿ ತೂಕ ಇಳಿದೂ ಎಫ್‌ಸಿಆರ್ ಏರಿದೆ, ಅಂದರೆ ತಿಂದದ್ದು ಬೇರೆಲ್ಲೋ ಖರ್ಚಾಗಿದೆ. ಕೋಳಿಗೆ ಬೆವರು ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಮೈಗೆ ಮೈ ಒತ್ತಿ ಕೂತಾಗ ನಡುವೆ ಗಾಳಿ ಆಡಲ್ಲ, ಶೆಡ್‌ನ ಥರ್ಮಾಮೀಟರ್ ಏನೇ ತೋರಿಸಲಿ. ಆ ಏದುಸಿರಿಗೂ ಶಕ್ತಿ ಬೇಕು. ಕೊನೆಯ ವಾರದಲ್ಲಿ ಸತ್ತವು ತಿಂದ ಫೀಡೂ ಇದೇ ಲೆಕ್ಕಕ್ಕೆ ಬರುತ್ತೆ. ಮಾರ್ಚ್ ಬಿಸಿಲಿನ ಪಾಲೂ ಇದೆ, ಎಲ್ಲವನ್ನೂ ಜಾಗದ ತಲೆಗೆ ಕಟ್ಟಲ್ಲ. ಆದರೆ ಬಿಸಿಲಲ್ಲೇ ಜಾಗ ಕಡಿಮೆ ಮಾಡಿದ್ದು ತಪ್ಪು.

ಕೊನೆ ಕೊನೆಗೆ ಲಿಟ್ಟರ್ (ನೆಲಕ್ಕೆ ಹಾಸಿದ ಹೊಟ್ಟು) ಹೇಗಿತ್ತು? ಫೀಡರ್ ಎಷ್ಟು?

ಪ್ರಶ್ನೆ ಕೇಳಿದವರು: ಫೀಡರ್ 110. ಹೊಟ್ಟು ಹಿಡಿದು ಹಿಂಡಿದರೆ ಉಂಡೆ ಆಗ್ತಿತ್ತು ಮೇಡಂ. ಬೆಳಗ್ಗೆ ಒಳಗೆ ಹೋದರೆ ಕಣ್ಣು ಉರಿ.

ಪಶುವೈದ್ಯೆ: ಉಂಡೆ ಕಟ್ಟಿ ಒಡೆಯದೇ ಉಳಿದರೆ ತೇವ ಜಾಸ್ತಿ ಅಂತಲೇ. ಸೆಕೆಗೆ ನೀರು ಹೆಚ್ಚು ಕುಡಿದು ತೆಳ್ಳಗೆ ಹಿಕ್ಕೆ ಹಾಕುತ್ತವೆ, ಮೇಲೆ ಕೋಳಿ ತುಂಬಿರೋದರಿಂದ ಹೊಟ್ಟು ಒಣಗಲ್ಲ. ಕಣ್ಣು ಉರಿ ಅಮೋನಿಯಾದ್ದು. ಕರುಳಿಗೆ ರೋಗ ತರುವ ಕಾಕ್ಸಿಡಿಯಾ ಪರಾವಲಂಬಿಗೂ ಇಂಥ ಹೊಟ್ಟೇ ಬೇಕು. ಹಿಕ್ಕೆಯಲ್ಲಿ ರಕ್ತ ಕಂಡರೆ ತಡ ಮಾಡದೆ ಹೇಳಿ. ಫೀಡರ್ ಒಂದಕ್ಕೆ 45 ಇದ್ದದ್ದು 53 ಕೋಳಿ ಆಗಿದೆ. ಹತ್ತಿಪ್ಪತ್ತು ಸೇರಿಸಿ, ಆದರೆ ಅದರಿಂದ ಸೆಕೆ ಇಳಿಯಲ್ಲ.

ಇನ್ನೊಬ್ಬ ಸದಸ್ಯರು: ಯುರೋಪ್‌ನಲ್ಲಿ ಚದರ ಮೀಟರ್‌ಗೆ 39 ಕೆಜಿ ಬಿಡ್ತಾರಂತೆ. ಇವರದ್ದು 23 ಇರಬಹುದು ಅಷ್ಟೆ. ಇಷ್ಟಕ್ಕೇ ಜಾಗ ಸಾಲಲ್ಲ ಅಂದ್ರೆ ಹೇಗೆ?

ಪಶುವೈದ್ಯೆ: ಅಲ್ಲಿನ 2007ರ ನಿಯಮದಲ್ಲಿ ಮೂಲ ಮಿತಿ 33 ಕೆಜಿ. 39 ಬೇಕಾದರೆ ಅಮೋನಿಯಾ 20 ಪಿಪಿಎಂ ಮೀರಬಾರದು, ಹೊರಗೆ ನೆರಳಲ್ಲಿ 30 ಡಿಗ್ರಿ ದಾಟಿದಾಗ ಒಳಗಿನ ಸೆಕೆ ಅದಕ್ಕಿಂತ 3 ಡಿಗ್ರಿಗಿಂತ ಹೆಚ್ಚಬಾರದು. ಅದು ಫ್ಯಾನ್ ಓಡುವ ಶೆಡ್‌ನ ಮಾತು. ನಮ್ಮದು ಗಾಳಿ ಬೀಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಚಳಿಗಾಲದಲ್ಲಿ ಅಡಿಗೊಂದು ಕೋಳಿ ನಡೆಯುತ್ತೆ, ಬೇಸಿಗೆಗೆ ಒಂದಕ್ಕೆ 1.15 ಅಡಿಯಾದರೂ ಬಿಡಿ. ನಿಮ್ಮ ಶೆಡ್‌ಗೆ 4,350 ಮರಿ.

ಪ್ರಶ್ನೆ ಕೇಳಿದವರು: ಅಷ್ಟು ಕಮ್ಮಿಗೆ ಕಂಪನಿ ಒಪ್ಪಲ್ಲ ಮೇಡಂ.

ಪಶುವೈದ್ಯೆ: ಆ 36 ಮೂಟೆ ಲೆಕ್ಕ ಚೀಟಿಯಲ್ಲಿ ಬರೆದು ತೋರಿಸಿ, ಫೀಡ್ ದುಡ್ಡು ಅವರದ್ದೇ ತಾನೆ. ಆದರೂ ಒಪ್ಪದಿದ್ದರೆ 30–32ನೇ ದಿನ ಒಂದೂವರೆ ಸಾವಿರ ಕೋಳಿ ಮೊದಲೇ ಲಿಫ್ಟ್ ಮಾಡಿಸಲು ಮರಿ ಇಳಿಸುವ ಮೊದಲೇ ಮಾತಾಡಿಕೊಳ್ಳಿ. ಮರಿ ಇದ್ದಾಗ ಜಾಗದ ತಾಪತ್ರಯ ಇರಲ್ಲ, ಇಕ್ಕಟ್ಟು ಕೊನೆಯ ಹತ್ತು ದಿನದ್ದು. ಆ ದಿನಗಳಲ್ಲಿ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಫೀಡರ್ ಮೇಲೆತ್ತಿ, ತಂಪು ಹೊತ್ತಿನಲ್ಲಿ ತಿನ್ನಲಿ. ನೀರು ಮಾತ್ರ ನಿಲ್ಲಬಾರದು. ಮಧ್ಯಾಹ್ನ ಎರಡಕ್ಕೆ ಒಮ್ಮೆ ಒಳಗೆ ನಡೆದು ನೋಡಿ: ಕಾಲಿಟ್ಟಲ್ಲಿ ಕೋಳಿಗೆ ಸರಿಯಲು ಜಾಗ ಸಿಗದಿದ್ದರೆ ಅವತ್ತೇ ಸೂಪರ್‌ವೈಸರ್‌ಗೆ ಫೋನ್ ಮಾಡಿ.