ಅಪ್‌ಡೇಟ್: ಅಮ್ಮನ ರೂಟ್ ಕೆನಾಲ್ ಮುಗಿಯಿತು
ರೂಟ್ ಕೆನಾಲ್‌ನಲ್ಲಿ ಹಲ್ಲಿನ ಬೇರಿನ ಒಳಗಿನ ನಾಳವನ್ನು ಸ್ವಚ್ಛ ಮಾಡಿ ತುಂಬುತ್ತಾರೆ. ತಣ್ಣನೆಯ ವಿಧಾನದಲ್ಲಿ ತುಂಬುವುದೋ, ಬಿಸಿ ಮಾಡಿ ತುಂಬುವುದೋ, ಯಾವುದರಲ್ಲಿ ಬ್ಯಾಕ್ಟೀರಿಯಾ ಮತ್ತೆ ನುಸುಳುವುದು ಕಡಿಮೆ ಎಂದು ಹಿಂದೆ ಕೇಳಿದ್ದೆ. ನಿನ್ನೆ ತುಮಕೂರಿನಲ್ಲೇ ಚಿಕಿತ್ಸೆ ಮುಗಿಯಿತು.

ಡಾಕ್ಟರ್ ಬಿಡಿಸಿ ಹೇಳಿದರು. ನಾಳಕ್ಕೆ ತುಂಬುವ ರಬ್ಬರಿನಂಥ ವಸ್ತು ಗಟ್ಟಾಪರ್ಚಾ ಹಲ್ಲಿಗೆ ತಾನಾಗಿ ಅಂಟುವುದಿಲ್ಲ, ಸಂದು ಮುಚ್ಚುವುದು ಸೀಲರ್ ಎಂಬ ಪೇಸ್ಟ್. ತಣ್ಣನೆಯ ವಿಧಾನದಲ್ಲಿ ಗಟ್ಟಾಪರ್ಚಾ ಕಡ್ಡಿಗಳನ್ನು ಪಕ್ಕಕ್ಕೆ ಒತ್ತುತ್ತಾ ಸೇರಿಸುತ್ತಾರೆ. ಬಿಸಿ ಮಾಡಿದರೆ ಅದು ಮೆತ್ತಗಾಗಿ ಕವಲು ನಾಳಗಳಿಗೂ ಹೋಗುತ್ತದೆ. ಆದರೆ ಬೇರಿನ ತುದಿ ದಾಟುವ ಭಯವೂ ಜಾಸ್ತಿ. ಅಮ್ಮನ ಹಲ್ಲಿನ ನಾಳದ ಅಗಲ ಒಂದೇ ಸಮ ಇರಲಿಲ್ಲ, ಹಾಗಾಗಿ ಬಿಸಿ ವಿಧಾನವೇ ಆಯಿತು.

ನಾನು ಕೇಳದೆ ಬಿಟ್ಟಿದ್ದ ವಿಷಯವೇ ದೊಡ್ಡದು: ಮೇಲಿನ ಮುಚ್ಚಳ. ತಾತ್ಕಾಲಿಕ ಸಿಮೆಂಟ್ ಸವೆದರೆ ಜೊಲ್ಲಿನ ಜೊತೆ ಬ್ಯಾಕ್ಟೀರಿಯಾ ಇಳಿಯುತ್ತದೆ. ಆಗ ಹೇಗೆ ತುಂಬಿದ್ದರೂ ಹೆಚ್ಚು ದಿನ ತಡೆಯುವುದಿಲ್ಲ. ಅದಕ್ಕೇ ನಿನ್ನೆಯೇ ಗಟ್ಟಿ ಫಿಲ್ಲಿಂಗ್ ಹಾಕಿಸಿದೆವು, ಸೋಮವಾರ ಕ್ಯಾಪ್‌ಗೆ ಅಳತೆ.

ಅಮ್ಮ ಇವತ್ತು ನೋವಿಲ್ಲದೆ ಮುದ್ದೆ, ಬಸ್ಸಾರು ಉಂಡರು.