ಶಾರ್ಜಾದಿಂದ ಬಂದ ಎಂ45 ಸೂಪರ್‌ಚಾರ್ಜರ್: ಯಾವ ಹಳೆಯ ಕಾರಿಗೆ ಕೂಡಿಸುವುದು?

ನೀರ್ಚಾಲಿನ ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನವನು, ಶಾಲಾ ಶಿಕ್ಷಕ. ಶಾರ್ಜಾದಲ್ಲಿರುವ ನನ್ನ ಭಾವ ಅಲ್ಲಿಯ ಹಳೆಯ ಬಿಡಿಭಾಗಗಳ ಮಾರುಕಟ್ಟೆಯಿಂದ ಮೊದಲ ತಲೆಮಾರಿನ ಮಿನಿ ಕೂಪರ್ ಎಸ್‌ನದ್ದೆಂದು ಹೇಳಿ ಒಂದು ಈಟನ್ ಎಂ45 ಸೂಪರ್‌ಚಾರ್ಜರನ್ನು (ಇಂಜಿನಿನ ಬೆಲ್ಟಿನಿಂದ ತಿರುಗಿ ಸಿಲಿಂಡರಿಗೆ ಹೆಚ್ಚು ಗಾಳಿ ತಳ್ಳುವ ಯಂತ್ರ) ಈ ಸಲದ ರಜೆಯಲ್ಲಿ ತಂದುಕೊಟ್ಟಿದ್ದಾರೆ. ಸಾಮಾನ್ಯವಾಗಿ ಕಾರು ಮೊದಲು ಬರುತ್ತದೆ, ಸೂಪರ್‌ಚಾರ್ಜರ್ ಆಮೇಲೆ. ನನ್ನ ಮನೆಯಲ್ಲಿ ಅದು ತಿರುಗುಮುರುಗಾಗಿದೆ. ಈಗ ಅದಕ್ಕೆ ತಕ್ಕ ಹಳೆಯ ಕಾರನ್ನು ಹುಡುಕಬೇಕಾಗಿದೆ.

ನನ್ನ ಕಣ್ಣ ಮುಂದೆ ಮೂರು ಕಾರುಗಳಿವೆ. ಗೋವಾದ ಪರಿಚಯಸ್ಥರೊಬ್ಬರಲ್ಲಿರುವ, ಎರಡೇ ಆಸನದ ಸ್ಯಾನ್ ಸ್ಟಾರ್ಮ್ ಒಂದು. ನಮ್ಮ ಕುಟುಂಬದಲ್ಲೇ ಇರುವ, ಕೆಎಲ್ 14 ನೋಂದಣಿಯ 2002ರ ಹೋಂಡಾ ಸಿಟಿ 1.5 ವಿಟೆಕ್ ಇನ್ನೊಂದು. ಪುತ್ತೂರಿನಲ್ಲಿ ಮಾರಾಟಕ್ಕಿರುವ ಫಿಯಾಟ್ ಪಾಲಿಯೋ 1.6 ಜಿಟಿಎಕ್ಸ್ ಮೂರನೆಯದು. ಮನಸ್ಸು ಸ್ಟಾರ್ಮ್ ಕಡೆಗೆ, ಬುದ್ಧಿ ಸಿಟಿಯ ಕಡೆಗೆ ಎಳೆಯುತ್ತಿದೆ. ಸೂಪರ್‌ಚಾರ್ಜರಿನ ಪುಲ್ಲಿಯನ್ನು ಕೈಯಿಂದ ತಿರುಗಿಸಿದರೆ ಡಬ್ಬಿಯೊಳಗೆ ಕಲ್ಲು ಅಲುಗಾಡಿದಂತೆ ಸದ್ದು ಬರುತ್ತದೆ. ಇದು ಕೆಟ್ಟಿದೆಯೇ? ಯಾವ ಕಾರಿಗೆ ಕೂಡಿಸಿದರೆ ಇಂಜಿನ್ ಬಾಳಿಕೆ ಬರುತ್ತದೆ? ದಯವಿಟ್ಟು ತಿಳಿಸಿ.

ಉಪ್ಪಳ ಗ್ಯಾರೇಜು:

ಮಾಷ್ಟ್ರೇ, ಕಾರಿನ ಮಾತು ಆಮೇಲೆ, ಮೊದಲು ಕೈಯಲ್ಲಿರುವ ವಸ್ತುವನ್ನು ನೋಡೋಣ. ಕಲ್ಲು ಅಲುಗಾಡಿದ ಸದ್ದು ಬಹುಮಟ್ಟಿಗೆ ಮುಂಭಾಗದ ಶಾಫ್ಟ್ ಮತ್ತು ಗೇರಿನ ನಡುವೆ ಇರುವ ಕಪ್ಲರಿನದ್ದು. ಅದು ಸವೆದರೆ ಸದ್ದು ಬರುತ್ತದೆ, ಬದಲಾಯಿಸಿದರೆ ಹೋಗುತ್ತದೆ, ಅದರಿಂದ ಸೂಪರ್‌ಚಾರ್ಜರ್ ಹಾಳಾಯಿತೆಂದು ಅರ್ಥವಲ್ಲ. ಆದರೆ ಗಾಳಿ ಹೋಗುವ ಬಾಯಿಯಿಂದ ಟಾರ್ಚ್ ಬಿಟ್ಟು, ಒಳಗೆ ತಿರುಗಿ ಗಾಳಿ ತಳ್ಳುವ ರೋಟರುಗಳ ಮೇಲಿನ ಲೇಪ ಸಿಪ್ಪೆ ಎದ್ದಿದೆಯೇ, ರೋಟರ್ ಕವಚಕ್ಕೆ ಒರೆಸಿದ ಗೆರೆ ಕಾಣುತ್ತದೆಯೇ ಎಂದು ನೋಡಿ. ಗೆರೆ ಬೆರಳಿಗೆ ಸಿಕ್ಕುವಷ್ಟು ಆಳವಿದ್ದರೆ ಬೇರಿಂಗ್ ಹೋಗಿದೆ, ಅಂಥದ್ದಕ್ಕೆ ಕಾರು ಹುಡುಕುವ ಕಷ್ಟ ಬೇಡ.

ಎರಡನೆಯ ಸಂಗತಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆ ಮಿನಿಯಲ್ಲಿ ನೀರಿನ ಪಂಪು ಸೂಪರ್‌ಚಾರ್ಜರಿನ ಹಿಂಬದಿಯ ಗೇರಿನಿಂದಲೇ ತಿರುಗುತ್ತದೆ. ತಮ್ಮ ವಸ್ತುವಿನ ಹಿಂದೆ ಖಾಲಿ ಬಿದ್ದಿರುವ ಆ ಜಾಗವನ್ನು ಎಣ್ಣೆ ಸೋರದಂತೆ ಪ್ಲೇಟ್ ಹಾಕಿ ಮುಚ್ಚಬೇಕು. ಮುಂದೆ ಮತ್ತು ಹಿಂದೆ ಎರಡು ಕಡೆಯೂ ಬೇರೆ ಬೇರೆ ಎಣ್ಣೆ ಇರುತ್ತದೆ. ಹಿಂದಿನದು ಬತ್ತಿ ಗೇರು ತಿಂದುಹೋಗುವುದು ಆ ಕಾರಿನ ಪ್ರಸಿದ್ಧ ಕಾಯಿಲೆ. ಎರಡನ್ನೂ ಖಾಲಿ ಮಾಡಿ, ಸೂಪರ್‌ಚಾರ್ಜರಿಗೆಂದೇ ಬರುವ ಎಣ್ಣೆಯನ್ನು ತುಂಬಿಸಿ.

ಇನ್ನು ಸಿಟಿ. ಹೋಂಡಾದ ಆ ಕಾಲದ ಡಿ ಸರಣಿಯ ಇಂಜಿನ್, ಪುಲ್ಲಿಯ ಕಡೆ ನಿಂತು ನೋಡಿದರೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಮಿನಿಯ ಇಂಜಿನ್ ತಿರುಗುವುದು ಮುಳ್ಳಿನ ದಿಕ್ಕಿಗೆ. ಎಂ45ನ್ನು ನೇರವಾಗಿ ಸಿಟಿಯ ಬೆಲ್ಟಿಗೆ ಸಿಕ್ಕಿಸಿದರೆ ರೋಟರುಗಳು ಹಿಮ್ಮುಖವಾಗಿ ತಿರುಗಿ ಗಾಳಿಯನ್ನು ಇಂಜಿನಿನ ಒಳಗೆ ತಳ್ಳುವ ಬದಲು ಹೊರಗೆ ಎಳೆಯುತ್ತವೆ. ಬೆಲ್ಟಿನ ನಯವಾದ ಬೆನ್ನಿನಿಂದ ಓಡಿಸಿ ದಿಕ್ಕು ಬದಲಾಯಿಸಬಹುದು, ಆದರೆ ಬೆನ್ನಿಗೆ ಹಿಡಿತ ಕಡಿಮೆ. ಅಡಿಕೆಗೆ ಮದ್ದು ಬಿಡುವ ಪಂಪಿನಲ್ಲಿ ಬೆಲ್ಟ್ ಸಡಿಲಾದರೆ ಗನ್ನಿನ ತುದಿಯಲ್ಲಿ ಒತ್ತಡ ಬೀಳುವುದನ್ನು ತಾವು ನೋಡಿರುತ್ತೀರಿ. ಇಲ್ಲಿಯೂ ಅದೇ ಕಥೆ.

ಸ್ಟಾರ್ಮ್ ಬಗ್ಗೆ ನನ್ನ ಮಾತು ಚಿಕ್ಕದು. ಅದರದ್ದು ರೆನೋದ 1149 ಸಿಸಿ ಇಂಜಿನ್, ಸುಮಾರು 60 ಅಶ್ವಶಕ್ತಿ. ಪುಲ್ಲಿ ಚಿಕ್ಕದು ದೊಡ್ಡದು ಮಾಡಿ ಎಂ45ನ್ನು ಅದಕ್ಕೂ ಒಗ್ಗಿಸಬಹುದು, ಆದರೆ ಗೇರ್‌ಬಾಕ್ಸ್ ಮುರಿದ ದಿನ ಬಿಡಿಭಾಗಕ್ಕಾಗಿ ಎಲ್ಲಿಗೆ ಹೋಗುತ್ತೀರಿ? ಗೋವಾದಲ್ಲಿ ತಯಾರಾದ ಆ ಫೈಬರ್ ಮೈಯ ಕಾರುಗಳು ಉಳಿದಿರುವುದೇ ಕೆಲವು. ಅದನ್ನು ಕೊಂಡರೆ ಇದ್ದ ಹಾಗೆಯೇ ಇಟ್ಟುಕೊಳ್ಳಿ, ಕೊಯ್ಯಬೇಡಿ.

ಸಿಟಿ ಮತ್ತು ಪಾಲಿಯೋ ಎರಡರ ಕಂಪ್ರೆಷನ್ ಪರೀಕ್ಷೆ (ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆಂಬ ಅಳತೆ) ಮಾಡಿಸಿ ಅಂಕಿ ಹಾಕಿ. ಇಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಇಗ್ನಿಷನ್ ಮತ್ತು ಇಂಜೆಕ್ಟರಿನ ಕನೆಕ್ಷನ್ ತೆಗೆದಿರಬೇಕು, ಆಕ್ಸಿಲರೇಟರನ್ನು ಪೂರ್ತಿ ತುಳಿದಿರಬೇಕು. ಬ್ಯಾಟರಿ ಸೋತಿದ್ದರೆ ಅಂಕಿ ಸುಳ್ಳು ಹೇಳುತ್ತದೆ.

ಕುಂಬಳೆಯವನು:

ಇದೇ ದಾರಿಯಲ್ಲಿ ಒಮ್ಮೆ ಬಿದ್ದವನಾದ್ದರಿಂದ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ 1.6 ಲೀಟರ್ ಸೆಡಾನಿಗೆ ದೂರದ ಊರೊಂದರ ವರ್ಕ್‌ಶಾಪಿನಲ್ಲಿ ಸೂಪರ್‌ಚಾರ್ಜರ್ ಹಾಕಿಸಿದ್ದೆ. ಇಂಜಿನನ್ನು ಬಿಚ್ಚಿ ಹೊಸ ರಿಂಗ್ ಹಾಕಿ ಕೊಟ್ಟಿದ್ದರು, ಮೊದಲ ತಿಂಗಳು ಕಾರು ಹಾರುತ್ತಿತ್ತು. ಏಪ್ರಿಲಿನ ಒಂದು ಮಧ್ಯಾಹ್ನ ಚೆರ್ಕಳದಿಂದ ಜಾಲ್ಸೂರಿನ ಕಡೆಗೆ ಹೋಗುವಾಗ ಏರಿನಲ್ಲಿ ಮೂರನೆಯ ಗೇರಿನಲ್ಲೇ ಒತ್ತಿದೆ; ಒಗ್ಗರಣೆಗೆ ಸಾಸಿವೆ ಸಿಡಿದಂಥ ಸದ್ದು ಬಾನೆಟ್ಟಿನ ಒಳಗಿನಿಂದ ಕೇಳಿಸಿತು. ನಾನು ಹಾಡಿನ ಸದ್ದು ತಗ್ಗಿಸಿ ಮತ್ತೂ ಕೇಳಿದೆನೇ ಹೊರತು ಕಾಲು ತೆಗೆಯಲಿಲ್ಲ. ಮನೆ ತಲುಪುವಷ್ಟರಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ.

ಬಿಚ್ಚಿದಾಗ ಎರಡನೆಯ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಮುರಿದಿತ್ತು. ಮೇಲಿನ ರಿಂಗಿನ ಎರಡು ತುದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು) ಒಂದು ಕಡೆ. ಬಿಸಿಗೆ ಹಿಗ್ಗಿದ ರಿಂಗಿಗೆ ಜಾಗವಿಲ್ಲದೆ ತುದಿಗೆ ತುದಿ ಗುದ್ದಿಕೊಂಡದ್ದು ಇನ್ನೊಂದು ಕಡೆ. ರಿಂಗಿನ ಎರಡು ತುದಿಗಳ ನಡುವೆ ಮಾಮೂಲು ಇಂಜಿನಿಗೆ ಬಿಡುವಷ್ಟೇ ಗ್ಯಾಪ್ ಬಿಟ್ಟು ಜೋಡಿಸಿದ್ದರೆಂದು ಆಗ ತಿಳಿಯಿತು.

ಗಾಳಿ ಎಷ್ಟು ಬಿಸಿಯಾಗುತ್ತದೆಂಬ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹೊರಗೆ 35 ಡಿಗ್ರಿ ಇರುವಾಗ ಈ ಬಗೆಯ ಸೂಪರ್‌ಚಾರ್ಜರ್ 6 ಪಿಎಸ್‌ಐ ಒತ್ತಡ ಕೊಟ್ಟರೆ ಗಾಳಿಯ ಉಷ್ಣತೆ ಸುಮಾರು 50 ಡಿಗ್ರಿ ಏರುತ್ತದೆ, ಅಂದರೆ 85ರ ಆಸುಪಾಸಿನ ಗಾಳಿ ಸಿಲಿಂಡರಿಗೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದೆ ಇದನ್ನು ಮಾಡುವುದು ಮೂರ್ಖತನವೆಂದು ನನ್ನ ಅಭಿಪ್ರಾಯ.

ಅಜ್ಮಾನ್ ನಿವಾಸಿ:

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಇಲ್ಲಿ ಹಳೆಯ ಮಾಜ್ದಾ ಎಂಎಕ್ಸ್-5 ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತದೆ. ಅದಕ್ಕೆ ಸೂಪರ್‌ಚಾರ್ಜರ್ ಹಾಕಿದವರು ಲೋಕವಿಡೀ ಇದ್ದಾರೆ. ಅದನ್ನೇ ಊರಿಗೆ ಕಳುಹಿಸಿಕೊಟ್ಟರೆ ಆಗದೇ?

ಉಪ್ಪಳ ಗ್ಯಾರೇಜು:

ಆಗುವುದಿಲ್ಲ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ಅಲ್ಲಿಯ ಕಾರುಗಳದ್ದು ಎಡಗಡೆ. ಆ ಆಸೆಯನ್ನು ಅಲ್ಲಿಯೇ ತೀರಿಸಿಕೊಳ್ಳುವುದು ಒಳ್ಳೆಯದು.

ನೀರ್ಚಾಲಿನ ಮಾಷ್ಟ್ರು:

ತಡವಾಯಿತು, ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಇತ್ತು. ರೋಟರುಗಳು ಚೊಕ್ಕವಾಗಿವೆ, ಗೆರೆಗಳಿಲ್ಲ. ಮುಂದಿನ ಎಣ್ಣೆ ಕಪ್ಪಾಗಿ ಅರ್ಧ ಚಮಚದಷ್ಟು ಬಂತು, ಹಿಂದಿನಿಂದ ಒಂದು ಹನಿಯೂ ಬರಲಿಲ್ಲ. ಆದರೂ ಗೇರಿನ ಹಲ್ಲುಗಳು ನೋಡಲು ಸರಿಯಾಗಿಯೇ ಇವೆ.

ಕಂಪ್ರೆಷನ್ ಅಂಕಿಗಳು, ಪಿಎಸ್‌ಐಯಲ್ಲಿ: ಸಿಟಿಗೆ 182, 180, 183, 181. ಪಾಲಿಯೋಗೆ 175, 170, 138, 172. ಮೂರನೆಯ ಸಿಲಿಂಡರಿನ ಅಂಕಿ ಕಂಡ ಮೇಲೆ ಪಾಲಿಯೋ ಬಿಟ್ಟುಬಿಡುವುದೇ ಸರಿಯೆಂದು ಅನಿಸುತ್ತಿದೆ. ಸಿಟಿಯದ್ದು ಎಷ್ಟು ಚೆನ್ನಾಗಿದೆ ನೋಡಿ!

ಉಪ್ಪಳ ಗ್ಯಾರೇಜು:

ಅವಸರ ಬೇಡ, ಮಾಷ್ಟ್ರೇ. ಮೂರನೆಯದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಹೊಯ್ದು ಮತ್ತೊಮ್ಮೆ ಅಳೆಯಿರಿ. ಅಂಕಿ ಮೇಲೇರಿದರೆ ದೋಷ ರಿಂಗಿನದ್ದು, ಏರದಿದ್ದರೆ ವಾಲ್ವಿನದ್ದು ಅಥವಾ ಹೆಡ್ ಗ್ಯಾಸ್ಕೆಟ್ಟಿನದ್ದು. ಬಳಿಕ ಆ ಸಿಲಿಂಡರಿನ ಪಿಸ್ಟನ್ನನ್ನು ಮೇಲಿನ ಬಿಂದುವಿಗೆ ತಂದು ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿ ಬಿಟ್ಟು ಕಿವಿಗೊಡಿ. ಸೈಲೆನ್ಸರಿನಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಒಳಬರುವ ಥ್ರಾಟಲಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಎಣ್ಣೆ ಹಾಕುವ ಬಾಯಿಯಲ್ಲಿ ಕೇಳಿದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ಸಿಟಿಯ ಅಂಕಿ ಚೆನ್ನಾಗಿದೆ ಎಂಬುದನ್ನು ಒಪ್ಪುತ್ತೇನೆ. ಅಷ್ಟು ಆರೋಗ್ಯವಾಗಿರುವ ಮನೆಯ ಕಾರನ್ನು, ಅದೂ ದಿಕ್ಕು ಕೂಡದ ಸೂಪರ್‌ಚಾರ್ಜರಿಗಾಗಿ, ಏಕೆ ಬಿಚ್ಚಬೇಕು? ಈ ಕೆಲಸಕ್ಕೆ ಹೇಗಿದ್ದರೂ ಪಿಸ್ಟನ್, ರಿಂಗ್, ಬೇರಿಂಗ್ ಬದಲಾಯಿಸಲೇಬೇಕು. ಕಾರ್ಖಾನೆಯವರೇ ಏನು ಮಾಡಿದರೆಂದು ನೋಡಿ: ಸಾದಾ ಮಿನಿ ಕೂಪರಿನ ಕಂಪ್ರೆಷನ್ ರೇಶಿಯೋ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆಂಬ ಅಂಕಿ) 10.6, ಸೂಪರ್‌ಚಾರ್ಜರ್ ಇರುವ ಕೂಪರ್ ಎಸ್‌ನದ್ದು 8.3. ಟೊಯೋಟಾ ಕೂಡ 1986ರಲ್ಲಿ ಎಂಆರ್2 ಕಾರಿಗೆ ಸೂಪರ್‌ಚಾರ್ಜರ್ ಹಾಕಿದಾಗ 9.4ರಲ್ಲಿದ್ದುದನ್ನು 8ಕ್ಕೆ ಇಳಿಸಿತು. ಬಿಚ್ಚಲೇಬೇಕಾದ ಇಂಜಿನಿಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ. ಮೈ ತುಕ್ಕು ಹಿಡಿಯದೆ, ಬ್ಲಾಕ್ ಬಿರುಕು ಬಿಡದೆ, ರಿಂಗ್ ಮಾತ್ರ ಸೋತಿರುವ ಕಾರೇ ತಮಗೆ ಲಾಭ; ಆ 138ನ್ನು ತೋರಿಸಿ ಬೆಲೆ ಇಳಿಸಿ.

ಪುತ್ತೂರು ಪಾಲಿಯೋ:

ನನ್ನ ಬಳಿ ಅದೇ ಜಿಟಿಎಕ್ಸ್ ಇದೆ. ಕಾರು ಭಾರ, ಪೆಟ್ರೋಲ್ ಕುಡಿಯುತ್ತದೆ, ಆದರೆ ಸಸ್ಪೆನ್ಷನ್ ನಮ್ಮ ರಸ್ತೆಗೆ ಹೇಳಿ ಮಾಡಿಸಿದಂತಿದೆ. ಕೊಳ್ಳುವಾಗ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದರೆಂದು ಕೇಳಿ, ಉತ್ತರ ಬಾರದಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಬದಲಾಯಿಸಿ.

ಇನ್ನೊಂದು ಮುಖ್ಯ ವಿಷಯವನ್ನು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದ್ದು ಕೇರಳದಿಂದಲೇ ಹೋದ ಪ್ರಕರಣದಲ್ಲಿ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಎಂದಿದೆ. ತಲಪಾಡಿ ದಾಟಿದರೆ ಕಾನೂನು ಬದಲಾಗುವುದಿಲ್ಲ. ರಸ್ತೆಯಲ್ಲಿಯೇ ಸೂಪರ್‌ಚಾರ್ಜರ್ ಬೇಕೆಂದಿದ್ದರೆ ಮರ್ಸಿಡಿಸ್ ಸಿ 200 ಕಾಂಪ್ರೆಸರಿನಂತೆ ಕಂಪನಿಯಿಂದಲೇ ಹಾಕಿ ಬಂದಿರುವ ಹಳೆಯ ಕಾರನ್ನು ನೋಡಿ.

ನೀರ್ಚಾಲಿನ ಮಾಷ್ಟ್ರು:

ಕಾನೂನಿನ ಮಾತು ಸರಿ. ಈ ಕಾರನ್ನು ರಸ್ತೆಗೆ ಇಳಿಸುವ ಉದ್ದೇಶ ನನಗಿಲ್ಲ. ವರ್ಷಕ್ಕೆ ಎರಡು ಸಲ ಲಾರಿಯಲ್ಲಿ ಹೇರಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯುವುದು, ಉಳಿದ ದಿನ ಅಂಗಳದ ಶೀಟಿನಡಿ ಇಡುವುದು ಎಂದುಕೊಂಡಿದ್ದೇನೆ. ಮನೆಯಾಕೆ ಅಡಿಕೆ ಒಣಗಿಸುವ ಜಾಗ ಬಿಟ್ಟುಕೊಡಲು ಇನ್ನೂ ಒಪ್ಪಿಲ್ಲ.

ಎಣ್ಣೆ ಹೊಯ್ದ ಮೇಲೆ ಮೂರನೆಯ ಸಿಲಿಂಡರ್ 168 ತೋರಿಸಿತು. ಗಾಳಿ ಬಿಟ್ಟಾಗ ಎಣ್ಣೆಯ ಮುಚ್ಚಳ ತೆಗೆದ ಬಾಯಿಗೆ ಅಂಗೈ ಇಟ್ಟರೆ ಬೆಚ್ಚಗೆ ಉಸಿರು ತಾಗುತ್ತಿತ್ತು, ಬೇರೆಲ್ಲಿಯೂ ಸದ್ದಿರಲಿಲ್ಲ, ರೇಡಿಯೇಟರ್ ಶಾಂತವಾಗಿತ್ತು. ತಮ್ಮ ಮಾತಿನಂತೆ ಚೌಕಾಸಿ ಮಾಡಿ ಪಾಲಿಯೋ ತಂದೆ. ಪುಲ್ಲಿ ಮತ್ತು ಇಂಜೆಕ್ಟರ್ ಯಾವ ಅಳತೆಯದ್ದು ಬೇಕು?

ಉಪ್ಪಳ ಗ್ಯಾರೇಜು:

1596 ಸಿಸಿ ಇಂಜಿನ್ ಒಂದು ಸುತ್ತಿಗೆ ಸುಮಾರು 0.8 ಲೀಟರ್ ಗಾಳಿ ಎಳೆಯಬೇಕು, ನಿಜವಾಗಿ ಎಳೆಯುವುದು 0.68ರ ಹತ್ತಿರ. ಎಂ45 ತನ್ನ ಒಂದು ಸುತ್ತಿಗೆ 0.74 ಲೀಟರ್ ತಳ್ಳುತ್ತದೆ. ಅದನ್ನು ಇಂಜಿನಿನ ಒಂದೂವರೆ ಪಟ್ಟು ವೇಗದಲ್ಲಿ ತಿರುಗಿಸಿದರೆ, ಸೋರಿಕೆ ಕಳೆದು 0.97 ಲೀಟರ್ ಸಿಗುತ್ತದೆ. ಮೊದಲಿಗಿಂತ ನೂರಕ್ಕೆ ನಲವತ್ತರಷ್ಟು ಹೆಚ್ಚು ಗಾಳಿ. ಬೆಲ್ಟ್ ತಿನ್ನುವ ಶಕ್ತಿ ಕಳೆದರೆ ಈಗಿನ 100 ಅಶ್ವಶಕ್ತಿ 130 ರಿಂದ 135 ಆದೀತು. ಆದ್ದರಿಂದ ಪುಲ್ಲಿಯ ಅನುಪಾತವನ್ನು 1.5ಕ್ಕೆ ನಿಲ್ಲಿಸಿ. ಥ್ರಾಟಲ್ ಸೂಪರ್‌ಚಾರ್ಜರಿನ ಮುಂದೆಯೇ ಬರಲಿ, ಬೇಡದ ಹೊತ್ತಿನಲ್ಲಿ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವನ್ನು ಕಿತ್ತುಹಾಕಬೇಡಿ.

ಆ ಶಕ್ತಿಗೆ ನಿಮಿಷಕ್ಕೆ 270 ರಿಂದ 290 ಸಿಸಿ ಕೊಡುವ ಇಂಜೆಕ್ಟರ್ ಬೇಕು. ಈ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಇ20 ಪೆಟ್ರೋಲಿನ ಪಾಲೂ ಸೇರಿದೆ. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಸಾಕಾದರೆ ಇ20ಗೆ 13.5, ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು. ಎಥೆನಾಲಿನಿಂದ ನಾಕಿಂಗ್ ಕಡಿಮೆಯಾಗುವುದು ನಮಗೆ ಅನುಕೂಲ. ಇಪ್ಪತ್ತು ವರ್ಷ ಹಳೆಯ ರಬ್ಬರ್ ಪೈಪ್ ಉಬ್ಬಿ ಬಿರಿಯುವುದು ಅನನುಕೂಲ. ಟ್ಯಾಂಕಿನಿಂದ ರೇಲಿನವರೆಗೆ ಎಲ್ಲ ಪೈಪನ್ನೂ ಬದಲಾಯಿಸಿ. ಇಂಜಿನನ್ನು ನಿಯಂತ್ರಿಸುವ ಕಂಪ್ಯೂಟರಾದ ಮೂಲ ಇಸಿಯುವಿಗೆ ಈ ಒತ್ತಡದ ಪರಿಚಯವೇ ಇಲ್ಲ, ಹೊಸದಾಗಿ ಟ್ಯೂನ್ ಮಾಡಬಲ್ಲ ಇಸಿಯು ಹಾಕದೆ ಕೀ ತಿರುಗಿಸಬೇಡಿ.

ಕುಂಬಳೆಯವನು:

ರಿಂಗ್ ಗ್ಯಾಪನ್ನು ತಾವೇ ಕುಳಿತು ಅಳೆಯಿರಿ, ಯಾರ ಮಾತನ್ನೂ ನಂಬಬೇಡಿ. ಮಾಮೂಲು ಇಂಜಿನಿಗೆ ಬೋರಿನ (ಸಿಲಿಂಡರಿನ ಒಳವ್ಯಾಸದ) ಒಂದು ಇಂಚಿಗೆ 0.004 ಇಂಚು ಲೆಕ್ಕ, ಸೂಪರ್‌ಚಾರ್ಜರಿಗೆ 0.006. ಬೋರ್ 80 ಮಿ.ಮೀ. ಆಸುಪಾಸಿನಲ್ಲಿದ್ದರೆ 0.48 ಮಿ.ಮೀ. ಬರುತ್ತದೆ. ಪಿಸ್ಟನ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ನೀರ್ಚಾಲಿನ ಮಾಷ್ಟ್ರು:

ಬ್ಲಾಕ್ ಮಂಗಳೂರಿನಲ್ಲಿ ಬೋರ್ ಆಗಿ ಬಂತು, ಪಿಸ್ಟನ್ನುಗಳೂ ಬಂದವು, ಕಂಪ್ರೆಷನ್ ರೇಶಿಯೋ 8.8ಕ್ಕೆ ಇಳಿಯುತ್ತದೆ. ನಿನ್ನೆ ರಾತ್ರಿ ಮೊದಲ ಸಿಲಿಂಡರಿಗೆ ಮೇಲಿನ ರಿಂಗನ್ನು ಇಳಿಸಿ, ಪಿಸ್ಟನ್ನಿನ ತಲೆಯಿಂದ ಮೆಲ್ಲನೆ ತಳ್ಳಿ ಮಟ್ಟ ಮಾಡಿ ಫೀಲರ್ ಗೇಜ್ ಹಾಕಿದಾಗ 0.31ರ ಹಾಳೆ ಮಾತ್ರ ನುಗ್ಗಿತು. ಕುಂಬಳೆಯವರ ಹೊಳೆಯುವ ತುದಿಗಳು ಕಣ್ಣ ಮುಂದೆ ಬಂದವು. ಒಂದು ತುದಿಯನ್ನು ಅರದಿಂದ ತಿಕ್ಕಿ 0.48ಕ್ಕೆ ತರುವಷ್ಟರಲ್ಲಿ ಹನ್ನೊಂದು ಗಂಟೆ. ಎರಡನೆಯ ರಿಂಗಿಗೂ ಅಷ್ಟೇ ಗ್ಯಾಪೇ?

ಕುಂಬಳೆಯವನು:

ಎರಡನೆಯದಕ್ಕೆ ತುಸು ಹೆಚ್ಚಿರಲಿ, 0.52ರಷ್ಟು; ಮೇಲಿನದನ್ನು ದಾಟಿ ಬಂದ ಗಾಳಿ ನಡುವೆ ಸಿಕ್ಕಿ ಮೇಲಿನ ರಿಂಗನ್ನು ಎತ್ತಬಾರದು. ಅರವನ್ನು ಹೊರಗಿನಿಂದ ಒಳಕ್ಕೆ ಮಾತ್ರ ಎಳೆಯಿರಿ, ತಿಕ್ಕಿದ ತುದಿಯ ಅರುಗನ್ನು ನಯಗೊಳಿಸಿ. ಆಯಿಲ್ ರಿಂಗನ್ನು ಮುಟ್ಟಬೇಡಿ. ಯಾವ ರಿಂಗ್ ಯಾವ ಸಿಲಿಂಡರಿನದ್ದೆಂದು ಲಕೋಟೆಯ ಮೇಲೆ ಬರೆದಿಡಿ, ಉತ್ತರಪತ್ರಿಕೆಯಂತೆ ಬೆರೆಸಿಬಿಡಬೇಡಿ.