‘ರಜೆ ಅರ್ಹತೆ’ ಅನ್ನೋದೋ, ‘ಸಲ್ಲುವ ರಜೆ’ ಅನ್ನೋದೋ? ಪಾರ್ಟ್ ಟೈಮ್ ಕೆಲಸದ ರಜೆ ಲೆಕ್ಕಕ್ಕೆ ಕನ್ನಡ ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿ ವಾರಕ್ಕೆ ಎರಡು ಮೂರು ದಿನ ಕೆಲಸಕ್ಕೆ ಹೋಗುವ ನಮ್ಮವರಿಗಾಗಿ ಕನ್ನಡದಲ್ಲಿ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಕೇರ್ ಹೋಮ್, ಸೂಪರ್‌ಮಾರ್ಕೆಟ್, ಶಾಲೆಯ ಅಡುಗೆಮನೆ, ಇಂಥ ಕಡೆ ದುಡಿಯುವವರು ಇದನ್ನು ಓದುತ್ತಾರೆ. ವರ್ಷಕ್ಕೆ ಎಷ್ಟು ದಿನ ಸಂಬಳದ ರಜೆ ಸಿಗಬೇಕು, ಅದನ್ನು ತಾವೇ ಹೇಗೆ ಲೆಕ್ಕ ಹಾಕಿಕೊಳ್ಳಬೇಕು ಅನ್ನೋದು ವಿಷಯ. ಲೆಕ್ಕ ಕಷ್ಟವೇನಲ್ಲ, ಕೂಡಿಸಿ ಗುಣಿಸಿದರೆ ಮುಗೀತು. ಪದಗಳೇ ಕೈಕೊಡುತ್ತಿವೆ. ಬಲ್ಲವರು ದಾರಿ ತೋರಿಸಿ.

ಮೊದಲನೆಯದು, ‘ಹಾಲಿಡೇ ಎಂಟೈಟಲ್‌ಮೆಂಟ್’. ನಿಘಂಟು ನೋಡಿದರೆ ‘ಅರ್ಹತೆ’ ಸಿಗುತ್ತದೆ. ಆದರೆ ಅರ್ಹತೆ ಅಂದ ಕೂಡಲೇ ನಮಗೆ ನೆನಪಾಗೋದು ಪರೀಕ್ಷೆ, ವಯಸ್ಸಿನ ಮಿತಿ, ‘ಅರ್ಹ ಅಭ್ಯರ್ಥಿಗಳು ಅರ್ಜಿ ಸಲ್ಲಿಸಬಹುದು’. ಇದೆಯೋ ಇಲ್ಲವೋ ಅನ್ನೋ ಪ್ರಶ್ನೆಗೆ ಆ ಪದ ಸರಿ. ಎಷ್ಟು ಅನ್ನೋ ಪ್ರಶ್ನೆಗೆ ಒಗ್ಗುವುದಿಲ್ಲ. ‘ನಿಮ್ಮ ರಜೆ ಅರ್ಹತೆ 16.8 ದಿನ’ ಅಂತ ಬರೆದು ಜೋರಾಗಿ ಓದಿ ನೋಡಿ, ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಪಾರ್ಟ್ ಟೈಮ್‌ನವರಲ್ಲಿ ಎಷ್ಟೋ ಜನ ‘ನಮಗೆಲ್ಲಿ ರಜೆ ಸಂಬಳ’ ಅಂತಲೇ ಸುಮ್ನೆ ಇರುತ್ತಾರೆ. ಅಂಥವರಿಗೆ ‘ಅರ್ಹತೆ’ ಅಂದರೆ ಇನ್ನೊಂದು ಬಾಗಿಲು ದಾಟಬೇಕು ಅನ್ನಿಸುತ್ತದೆ. ಅಲ್ಲಿಯ ಕಾನೂನಿನಲ್ಲಿ ಅಂಥ ಬಾಗಿಲು ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಜೆ ಕೂಡಿಕೊಳ್ಳಲು ಶುರುವಾಗುತ್ತದೆ, ವಾರಕ್ಕೆ ಒಂದೇ ದಿನ ಹೋದರೂ.

‘ರಜೆ ಹಕ್ಕು’ ಅನ್ನಬಹುದು. ಅದರಲ್ಲಿ ಸ್ವಲ್ಪ ಮೆರವಣಿಗೆಯ ಘೋಷಣೆ ಕೇಳಿಸುತ್ತದೆ. ನನಗೆ ಹಿಡಿಸಿದ್ದು ‘ಸಲ್ಲುವ ರಜೆ’. ಬಾಡಿಗೆ ಸಲ್ಲಬೇಕು, ಬಾಕಿ ಸಲ್ಲಬೇಕು, ಅವರಿಗೆ ಸಲ್ಲಬೇಕಾದ್ದು ಸಲ್ಲಲಿ ಅಂತೀವಲ್ಲ. ಕೊಡುವವರ ದಯೆ ಅದರಲ್ಲಿ ಬರುವುದಿಲ್ಲ, ಎಷ್ಟು ಅನ್ನೋದೂ ಸಲೀಸಾಗಿ ಸೇರಿಕೊಳ್ಳುತ್ತದೆ. ‘ನಿಮಗೆ ಸಲ್ಲುವ ರಜೆ 16.8 ದಿನ.’ ಇದು ಓದುವಾಗ ತಡೆಯುವುದಿಲ್ಲ ಅಂತ ನನ್ನ ಎಣಿಕೆ. ‘ರಜೆ’ ಅನ್ನೋ ಪದವೇ ‘ಒಪ್ಪಿಗೆ’ ಅನ್ನುವ ಅರ್ಥದ ಅರಬ್ಬಿ ಮೂಲದ್ದು, ಅಪ್ಪಣೆ ಕೇಳಿ ಹೋಗುವಂಥದ್ದು. ಅದರ ಪಕ್ಕ ‘ಸಲ್ಲುವ’ ನಿಂತರೆ ಒಂದು ತೂಕ ಬರುತ್ತದೆ.

ಎರಡನೆಯದೇ ನಿಜವಾದ ತೊಡಕು. ಅದು ‘ವಾರ’.

1998ರ ಕೆಲಸದ ವೇಳೆಯ ನಿಯಮಗಳ ಪ್ರಕಾರ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ನಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ವರ್ಷಕ್ಕೆ 5.6 ವಾರ ಸಂಬಳದ ರಜೆ ಸಲ್ಲಬೇಕು. 2007ರ ಅಕ್ಟೋಬರ್‌ನಲ್ಲಿ 4.8 ಆಗಿತ್ತು, 2009ರ ಏಪ್ರಿಲ್‌ನಿಂದ 5.6. ಈ ವಾರ ಏಳು ದಿನದ್ದಲ್ಲ, ಆಯಾ ಮನುಷ್ಯನ ವಾರ. ಐದು ದಿನ ಕೆಲಸ ಮಾಡುವವಳಿಗೆ 5.6ನ್ನು ಐದರಿಂದ ಗುಣಿಸಿ 28 ದಿನ. ಮೂರು ದಿನದವಳಿಗೆ 16.8. ಎರಡು ದಿನದವನಿಗೆ 11.2. ಆರು ದಿನ ದುಡಿದರೂ ಕಾನೂನು ಕೊಡುವುದು 28ಕ್ಕೇ ನಿಲ್ಲುತ್ತದೆ, ಅದೇ ಮಿತಿ. ಅಂದರೆ ಐದು ದಿನ ಇಲ್ಲವೇ ಅದಕ್ಕಿಂತ ಕಡಿಮೆ ದುಡಿಯುವವರೆಲ್ಲ ಕೆಲಸದಿಂದ ದೂರ ಇರುವ ಕಾಲ ಒಂದೇ, ಐದೂವರೆ ವಾರದ ಮೇಲೆ ಚೂರು. ದಿನಗಳ ಎಣಿಕೆ ಮಾತ್ರ ಬೇರೆ. ಇದು ತಲೆಗೆ ಹೋದರೆ ‘ಅವರಿಗೆ 28, ನಂಗೆ ಬರೀ 11’ ಅನ್ನೋ ಬೇಜಾರೂ ಹೋಗುತ್ತದೆ.

ಕನ್ನಡದಲ್ಲಿ ಇದನ್ನು ‘5.6 ವಾರ’ ಅಂತ ಬರೆದರೆ ಸಾಕಾ? ನಮ್ಮಲ್ಲಿ ವಾರ ಅಂದರೆ ಏಳು ದಿನವೂ ಹೌದು, ಒಂದು ದಿನವೂ ಹೌದು. ‘ಇವತ್ತು ಯಾವ ವಾರ?’ ಅಂದರೆ ಉತ್ತರ ‘ಬುಧವಾರ’. ವಾರಾನ್ನ ಅಂದರೆ ದಿನಕ್ಕೊಂದು ಮನೆಯ ಊಟ. ಹಾಗಾಗಿ ನಾನು ‘ಕೆಲಸದ ವಾರ’ ಅಂತ ಹಾಕಿದ್ದೇನೆ: ‘ನಿಮ್ಮ ಕೆಲಸದ ವಾರ ಎಷ್ಟು ದಿನದ್ದೋ ಅದನ್ನು 5.6ರಿಂದ ಗುಣಿಸಿ.’ ಇದಕ್ಕಿಂತ ಚಿಕ್ಕದು ಇದ್ದರೆ ತಿಳಿಸಿ.

ಆ 16.8ರಲ್ಲಿರುವ ಬಾಲದ ಬಗ್ಗೆಯೂ ಒಂದು ಮಾತು. ಮಾಲೀಕರು ಅದನ್ನು 17 ಮಾಡಬಹುದು, 16 ಮಾಡುವಂತಿಲ್ಲ. ಶಿಫ್ಟು ಎಂಟು ಗಂಟೆಯದಾದರೆ 0.8 ದಿನ ಅಂದರೆ 6 ಗಂಟೆ 24 ನಿಮಿಷ. ಇದನ್ನು ‘ಚಿಲ್ಲರೆ’ ಅಂದಿದ್ದೇನೆ. ‘ದಶಮಾಂಶ ಭಾಗ’ ಅಂತ ಬರೆದರೆ ಓದುಗರು ಪುಟ ಮಗುಚಿಡುತ್ತಾರೆ.

‘ಪಾರ್ಟ್ ಟೈಮ್’ಗೆ ಪತ್ರಿಕೆಗಳ ‘ಅರೆಕಾಲಿಕ’ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ‘ಅರೆ’ ಅಂದರೆ ಅರ್ಧ, ಇಲ್ಲವೇ ಅರೆಬೆಂದದ್ದು. ವಾರಕ್ಕೆ ನಾಲ್ಕು ದಿನ ಹೋಗುವವರೂ ಪಾರ್ಟ್ ಟೈಮೇ, 22.4 ದಿನ ರಜೆ ಅವರಿಗೆ. ಅಲ್ಲಿ ಇಷ್ಟು ಗಂಟೆಗಿಂತ ಕಡಿಮೆಯಾದರೆ ಪಾರ್ಟ್ ಟೈಮ್ ಅನ್ನೋ ಗೆರೆಯೂ ಇಲ್ಲ. ಸಾಮಾನ್ಯವಾಗಿ 35 ಗಂಟೆ ಮತ್ತು ಮೇಲ್ಪಟ್ಟು ಇದ್ದರೆ ಪೂರ್ತಿ ಕೆಲಸ ಅಂತಾರೆ, ಅಷ್ಟೇ. ‘ಪಾರ್ಟ್ ಟೈಮ್’ ಅಂತಲೇ ಬಿಡುತ್ತಿದ್ದೇನೆ.

ಇನ್ನು ‘ಪ್ರೊ ರೇಟಾ’, ಅಂದರೆ ಪ್ರಮಾಣಕ್ಕೆ ತಕ್ಕಂತೆ ಕೊಡುವುದು. 2000ದ ಪಾರ್ಟ್ ಟೈಮ್ ಕೆಲಸಗಾರರ ನಿಯಮಗಳು ನಿಂತಿರೋದೇ ಇದರ ಮೇಲೆ. ‘ಪ್ರಮಾಣಾನುಗುಣವಾಗಿ’ ಸರಿಯಾದ ಪದವೇ, ಆದರೆ ನಾಲಿಗೆ ಹೊರಳುವುದಿಲ್ಲ. ಹಳೇ ಕಚೇರಿ ಕನ್ನಡದಲ್ಲಿ ‘ದಾಮಾಷಾ’ ಅಂತಿದೆ, ಪಾಲಿಗೆ ತಕ್ಕಂತೆ ಹಂಚುವುದು ಅನ್ನೋ ಅರ್ಥ. ಮರಾಠಿಯಲ್ಲೂ ಅದರ ನೆಂಟ ಪದ ಇದೆ. ಎಷ್ಟು ಚೆಂದದ ಪದ! ವಕೀಲರು, ಕಂದಾಯ ಇಲಾಖೆಯವರು ಬಿಟ್ಟರೆ ಈಗ ಬಾಯಲ್ಲಿ ಕೇಳೋದು ಕಮ್ಮಿ. ಬಳಸಿದರೆ ಓದುಗರು ಗಾಬರಿಯಾಗುತ್ತಾರಾ? ಸದ್ಯಕ್ಕೆ ‘ಕೆಲಸದ ದಿನಕ್ಕೆ ತಕ್ಕಷ್ಟು’ ಅಂತ ಬಿಡಿಸಿ ಬರೆದಿದ್ದೇನೆ.

‘ಬ್ಯಾಂಕ್ ಹಾಲಿಡೇ’ಯಲ್ಲಿ ‘ಬ್ಯಾಂಕ್ ರಜೆ’ ಅಂದರೆ ನಮ್ಮವರು ಬ್ಯಾಂಕಿಗೆ ಮಾತ್ರ ಬೀಗ ಅಂದುಕೊಳ್ಳುತ್ತಾರೆ. ಅಲ್ಲಿ ಅದು ಸಾರ್ವತ್ರಿಕ ರಜೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎಂಟು, ಸ್ಕಾಟ್ಲೆಂಡಿನಲ್ಲಿ ಒಂಬತ್ತು. ಇವನ್ನು 5.6 ವಾರದ ಒಳಗೇ ಸೇರಿಸಿಕೊಳ್ಳಲು ಮಾಲೀಕರಿಗೆ ಅವಕಾಶ ಇದೆ, ಜಗಳ ಹುಟ್ಟೋದೂ ಇಲ್ಲೇ. ಇಂಗ್ಲೆಂಡಿನ 2025ನೇ ವರ್ಷ ತಗೊಳ್ಳಿ. ಎಂಟರಲ್ಲಿ ನಾಲ್ಕು ಸೋಮವಾರ, ಬುಧವಾರ ಒಂದು, ಗುರುವಾರ ಒಂದು, ಶುಕ್ರವಾರ ಎರಡು. ಅಂಗಡಿ ಆ ದಿನಗಳಲ್ಲಿ ಮುಚ್ಚಿರುತ್ತದೆ ಅನ್ನಿ. ಸೋಮವಾರ ಮಂಗಳವಾರದವಳ 11.2 ದಿನದಲ್ಲಿ ನಾಲ್ಕು ತಾನಾಗೇ ಖರ್ಚಾಗಿ, ಮನಸ್ಸಿಗೆ ಬಂದಾಗ ತಗೊಳ್ಳೋಕೆ ಉಳಿಯೋದು 7.2. ಬುಧವಾರ ಗುರುವಾರದವನಿಗೆ 9.2. ಒಟ್ಟು ಇಬ್ಬರಿಗೂ ಒಂದೇ. ಅದೇ, ಕಂಪನಿ ಬ್ಯಾಂಕ್ ಹಾಲಿಡೇಗಳನ್ನು ಮಾಮೂಲಿ ರಜೆಯ ಮೇಲೆ ಬೇರೆಯಾಗಿ ಕೊಡುವುದಾದರೆ ಲೆಕ್ಕ ತಿರುಗಿಬಿಡುತ್ತದೆ: ಅವಳಿಗೆ ನಾಲ್ಕು, ಅವನಿಗೆ ಎರಡೇ. ಇದನ್ನು ಸರಿಮಾಡೋಕೆ ಎಂಟನ್ನೂ ತಕ್ಕಷ್ಟು ಹಂಚಿ, ಎರಡು ದಿನದವರಿಗೆ ತಲಾ 3.2 ಕೊಡುತ್ತಾರೆ. ದಾಮಾಷಾ ಅಂದರೆ ಇದೇ ಅಲ್ವಾ?

ಇಲ್ಲಿ ನನ್ನ ಅನುಮಾನ ‘ಸೂಟಿ’ಯ ಬಗ್ಗೆ. ಧಾರವಾಡ, ಬೆಳಗಾವಿ ಕಡೆಯವರು ಹೇಳಿ: ಊರಿಗೆಲ್ಲ ಬಿಡುವಿರುವ ದಿನಕ್ಕೆ ಸೂಟಿ, ನಾವಾಗಿ ಅರ್ಜಿ ಹಾಕಿ ತಗೊಳ್ಳೋದಕ್ಕೆ ರಜೆ, ಹೀಗೆ ಬೇರೆ ಮಾಡಿ ಆಡುತ್ತೀರಾ? ಎರಡೂ ಬೆರೆತು ಹೋಗಿವೆಯಾ? ಬೇರೆ ಮಾಡುವುದಾದರೆ ‘ಬ್ಯಾಂಕ್ ಹಾಲಿಡೇ’ಗೆ ‘ಸೂಟಿ’ ಹೇಳಿ ಮಾಡಿಸಿದ ಪದ.

ಕೊನೆಯದು ‘ಅಕ್ರೂ’ ಆಗುವುದು, ಅಂದರೆ ದುಡಿದ ಹಾಗೆ ರಜೆ ಕೂಡಿಕೊಳ್ಳುತ್ತಾ ಹೋಗುವುದು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ಗಳಿಕೆ ರಜೆ’ ಇದೆ, ಬಾಯಲ್ಲಿ ಇಎಲ್. ಗಳಿಕೆ ಅಂತ ಹೆಸರೇನೋ ಇದೆ, ಆದರೆ ಕರ್ನಾಟಕದಲ್ಲಿ ಜನವರಿ 1ಕ್ಕೆ ಹದಿನೈದು, ಜುಲೈ 1ಕ್ಕೆ ಹದಿನೈದು ಮುಂಗಡವಾಗಿಯೇ ಖಾತೆಗೆ ಬೀಳುತ್ತದೆ. ಇಂಗ್ಲೆಂಡಿನಲ್ಲಿ ವಾರವಾರವೂ ಗಂಟೆ ಹೆಚ್ಚುಕಮ್ಮಿ ಆಗುವವರು ನಿಜಕ್ಕೂ ಗಳಿಸುತ್ತಾರೆ. 2024ರ ಏಪ್ರಿಲ್ 1ರಿಂದ ಆಚೆಗೆ ಶುರುವಾದ ರಜೆ ವರ್ಷಗಳಲ್ಲಿ, ದುಡಿದ ಗಂಟೆಯ ಶೇ. 12.07 ಅವರಿಗೆ ರಜೆಯಾಗಿ ಕೂಡುತ್ತದೆ. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂದರೆ, 52 ವಾರದಲ್ಲಿ 5.6 ಕಳೆದರೆ 46.4, 5.6ನ್ನು ಅದರಿಂದ ಭಾಗಿಸಿದರೆ ಶೇ. 12.07. ತಿಂಗಳಲ್ಲಿ 80 ಗಂಟೆ ದುಡಿದರೆ 9.66, ಅದನ್ನು ಹತ್ತಿರದ ಪೂರ್ಣ ಗಂಟೆಗೆ ತಂದು 10 ಗಂಟೆ ರಜೆ. ಶಾಲೆಯ ಅವಧಿಯಲ್ಲಷ್ಟೇ ಸಂಗೀತ ಕಲಿಸುತ್ತಿದ್ದ ಒಬ್ಬ ಶಿಕ್ಷಕಿಯ ಮೊಕದ್ದಮೆಯಲ್ಲಿ, ವರ್ಷದಲ್ಲಿ ಕೆಲವು ತಿಂಗಳು ಕೆಲಸ ಇಲ್ಲದಿದ್ದರೂ ಪೂರ್ತಿ 5.6 ವಾರ ಸಲ್ಲಬೇಕು ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿತು. ಅದಾದ ಮೇಲೆಯೇ ಸರ್ಕಾರ ಈ ಶೇಕಡಾ ಲೆಕ್ಕವನ್ನು ನಿಯಮವಾಗಿ ತಂದಿದ್ದು.

ನಾನು ‘ಜಮೆ ಆಗುತ್ತದೆ’ ಅಂತ ಬರೆದಿದ್ದೇನೆ. ಬ್ಯಾಂಕಿನ ಪಾಸ್‌ಬುಕ್ ಕಂಡ ಎಲ್ಲರಿಗೂ ಗೊತ್ತಿರುವ ಪದ. ‘ಗಳಿಕೆ ರಜೆ’ ಬಳಸಿದರೆ ನಮ್ಮ ಇಎಲ್ ಜೊತೆ ಗೊಂದಲ ಆದೀತು ಅಂತ ಬಿಟ್ಟೆ. ಗಂಟೆ ಹೆಚ್ಚುಕಮ್ಮಿ ಆಗುವ ಕೆಲಸಗಾರರಿಗೆ ರಜೆಯ ಹಣವನ್ನು ಪ್ರತಿ ಸಂಬಳದಲ್ಲೇ ಸೇರಿಸಿ ಕೊಡುವ ಪದ್ಧತಿಗೂ ಈಗ ಒಪ್ಪಿಗೆಯಿದೆ, ಪೇಸ್ಲಿಪ್‌ನಲ್ಲಿ ಬೇರೆ ಸಾಲಾಗಿ ತೋರಿಸಬೇಕು. ಆ ಸಾಲಿಗೆ ‘ರಜೆ ಸಂಬಳ’ ಅನ್ನಲೇ, ‘ರಜೆ ಹಣ’ ಅನ್ನಲೇ? ‘ರಜೆ ಸಂಬಳ’ ಅಂದರೆ ರಜೆ ಹಾಕಿದ ತಿಂಗಳ ಸಂಬಳ ಅಂತ ಓದಿಕೊಳ್ಳುವ ಭಯ ನನಗೆ. ಲೆಕ್ಕಪತ್ರ ನೋಡುವವರು ಯಾರಾದರೂ ಇದ್ದರೆ, ನಿಮ್ಮ ಕಚೇರಿಯಲ್ಲಿ ಏನು ಬರೆಯುತ್ತೀರಿ ಅಂತ ತಿಳಿಸಿ.